ಇಡೀ ಕ್ಯಾಂಪಸ್ ಒಂದೇ /16 ಒಳಗೆ ಬಿದ್ದಿದೆ, ಒಡೆದು ಸಬ್‌ನೆಟ್ ಮಾಡೋದು ಹೆಂಗೆ?

ಪ್ಯಾಚ್‌ಕಾರ್ಡ್_ಪರಮೇಶಿ
ಎಲ್ರಿಗೂ ನಮಸ್ಕಾರ. ಮಲೆನಾಡು ಕಡೆ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಸಿಸ್ಟಮ್ ಅಡ್ಮಿನ್ ನಾನು. ಅಡ್ಮಿನ್ ಅಂದ್ರೆ ನಾನೊಬ್ನೆ, ಪ್ರೊಜೆಕ್ಟರ್ ಕೆಟ್ರೂ ನನ್ನೇ ಕರೀತಾರೆ. ಒಂಬತ್ತು ಬಿಲ್ಡಿಂಗು, ಮೂರು ಹಾಸ್ಟೆಲ್ಲು, ಸುಮಾರು 70 ಸ್ವಿಚ್ಚು, ಅರ್ಧ ಮ್ಯಾನೇಜಬಲ್ (ಲಾಗಿನ್ ಆಗಿ ಸೆಟ್ ಮಾಡೋ ಥರದ್ದು), ಇನ್ನರ್ಧ ಎಸ್‌ಪಿ ರೋಡ್ ಮಾಲು. ಎಲ್ಲಾನೂ 172.16.0.0/16 (172.16ರಿಂದ ಶುರುವಾಗೋ ಅಡ್ರೆಸ್ಸೆಲ್ಲಾ) ಅನ್ನೋ ಒಂದೇ ನೆಟ್‌ವರ್ಕಲ್ಲಿದೆ, ಮಧ್ಯ ಎಲ್ಲೂ ರೂಟಿಂಗ್ ಇಲ್ಲ, ಫೈರ್‌ವಾಲೇ ಗೇಟ್‌ವೇ (ಹೊರಗೆ ಹೋಗೋ ಬಾಗಿಲು), 172.16.0.1.

ಹೋದ ಗುರುವಾರ ರಾತ್ರಿ ಬಾಯ್ಸ್ ಹಾಸ್ಟೆಲಲ್ಲಿ ಯಾರೋ ಪುಣ್ಯಾತ್ಮ ಕೇಬಲ್ ಒಂದು ನೇತಾಡ್ತಿದೆ ಪಾಪ ಅಂತ ಅದರ ಎರಡೂ ತುದೀನ ಒಂದೇ ಸ್ವಿಚ್ಚಿಗೆ ಚುಚ್ಚಿದಾನೆ. ಅದೇ ಪ್ಯಾಕೆಟ್ ಸುತ್ತಿ ಸುತ್ತಿ (ಇದೇ ಲೂಪ್) ಇಡೀ ಕ್ಯಾಂಪಸ್ ಮಲಗ್ತು! ಎಲ್ಲಾ ಸ್ವಿಚ್ಚಿನ ಲೈಟೂ ದೀಪಾವಳಿ ಸರದ ಥರ ಒಟ್ಟೊಟ್ಟಿಗೆ ಮಿಣಮಿಣ ಅಂತಿದ್ವು, ನಾನು ಮನೆಯಿಂದ ಬೈಕಲ್ಲಿ ಹೋಗಿ ಸರ್ವರ್ ರೂಮಲ್ಲಿ ಒಂದೊಂದೇ ಅಪ್‌ಲಿಂಕ್ ಕಿತ್ತು ನೋಡಿ ಪತ್ತೆ ಮಾಡೋಷ್ಟರಲ್ಲಿ ಎರಡೂವರೆ ಗಂಟೆ ಆಯ್ತು. ಬೆಳಗ್ಗೆ ಪ್ರಿನ್ಸಿಪಾಲರ ಹತ್ರ ಮಂಗಳಾರತಿ.

ಕೋರಿಗೆ, ಅಂದ್ರೆ ಎಲ್ಲಾ ಬಿಲ್ಡಿಂಗ್ ಕೇಬಲ್ ಬಂದು ಸೇರೋ ಕಡೆ, ಒಂದು ಲೇಯರ್ 3 ಸ್ವಿಚ್ (ರೂಟಿಂಗೂ ಮಾಡೋದು) ಇದೆ, ನಾಲ್ಕು ವರ್ಷದಿಂದ ಬರೀ ಲೇಯರ್ 2 (ಮಾಮೂಲಿ ಸ್ವಿಚ್) ಕೆಲಸ ಮಾಡ್ಕೊಂಡು ಕೂತಿದೆ. ಬಿಲ್ಡಿಂಗ್ ಬಿಲ್ಡಿಂಗಿಗೆ ಬೇರೆ ಸಣ್ಣ ನೆಟ್‌ವರ್ಕ್ (ಸಬ್‌ನೆಟ್) ಮಾಡಿ ರೂಟ್ ಮಾಡೋಣ ಅಂತ. ಮಾಡಿದವ್ರು ಯಾರಾದ್ರೂ ಇದ್ರೆ ಹೇಳಿ, ಎಲ್ಲಿಂದ ಶುರು ಮಾಡ್ಲಿ?

ಗುಂಡ_ಗೇಟ್‌ವೇ
ಸ್ಪ್ಯಾನಿಂಗ್ ಟ್ರೀ ಆನ್ ಮಾಡಿ, ಲೂಪ್ ಆಗೋ ಲಿಂಕನ್ನ ಸ್ವಿಚ್ಚೇ ಮುಚ್ಚುತ್ತೆ, ಮುಗೀತು. ಇಷ್ಟಕ್ಕೆಲ್ಲಾ ಮನೆ ಒಡೆದು ಕಟ್ತಾರಾ?

ಕುಡ್ಲ_ಕೇಬಲ್
ಎಂಥ ಮಾರಾಯ್ರೆ ಇದು, /16 ಅಂದ್ರೆ 65534 ಅಡ್ರೆಸ್ಸು ಉಂಟು, ಒಂದೇ ಬ್ರಾಡ್‌ಕಾಸ್ಟ್ ಡೊಮೇನ್, ಒಬ್ಬ ಕೂಗಿದ್ದು ಎಲ್ರಿಗೂ ಹೋಗ್ತದೆ! ಒಬ್ಬ ಸೀನಿದ್ರೆ ಊರಿಗೆಲ್ಲ ನೆಗಡಿ. ಡಿವೈಸ್ ಎಷ್ಟುಂಟು ಅದ್ರಲ್ಲಿ?

ಪ್ಯಾಚ್‌ಕಾರ್ಡ್_ಪರಮೇಶಿ
ಸಂಜೆ ಹೊತ್ತು ಸುಮಾರು 1800, ಫೋನೂ ಸೇರಿ. ಗುಂಡಣ್ಣ, ಸ್ಪ್ಯಾನಿಂಗ್ ಟ್ರೀ ಮ್ಯಾನೇಜಬಲ್ ಸ್ವಿಚ್ಚಲ್ಲೆಲ್ಲಾ ಆನ್ ಇದೆ. ಹಾಸ್ಟೆಲ್ ರೂಮಿನ ಹತ್ರ ಇರೋದು ಎಂಟು ಪೋರ್ಟಿನ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಟ್ರೀನೂ ಗೊತ್ತಿಲ್ಲ ಗಿಡಾನೂ ಗೊತ್ತಿಲ್ಲ.

ರತ್ನ_ನೆಟ್‌ಆಪ್ಸ್
ಪರಮೇಶಿ, ಮೊದಲು ಒಂದು ಕೆಲಸ ಮಾಡಿ. ಕೋರ್ ಸ್ವಿಚ್ಚಲ್ಲಿ ಲಾಗಿನ್ ಆಗಿ ರೂಟ್ ಬ್ರಿಡ್ಜ್, ಅಂದ್ರೆ ಸ್ಪ್ಯಾನಿಂಗ್ ಟ್ರೀ ಬುಡದಲ್ಲಿರೋ ಸ್ವಿಚ್, ಯಾವ್ದು ಅಂತ ನೋಡಿ. ಪ್ರಯಾರಿಟಿ ಯಾರೂ ಸೆಟ್ ಮಾಡದೇ ಇದ್ರೆ ಎಲ್ಲಾ ಸ್ವಿಚ್ಚಲ್ಲೂ 32768 ಅಂತಾನೇ ಇರುತ್ತೆ, ಆಗ ಯಾರ ಮ್ಯಾಕ್ ಅಡ್ರೆಸ್ (ಡಿವೈಸಿಗೆ ಹುಟ್ಟಿನಿಂದ ಬಂದ ನಂಬರ್) ಚಿಕ್ಕದೋ ಅವರೇ ರೂಟ್. ಒಂದೇ ಕಂಪನಿ ಮಾಲಾದ್ರೆ ಸಾಮಾನ್ಯವಾಗಿ ಹಳೇ ಸ್ವಿಚ್ಚಿನ ಮ್ಯಾಕೇ ಚಿಕ್ಕದು, ಅಂದ್ರೆ ಮನೇಲಿರೋ ಅತಿ ಮುದಿ ಸ್ವಿಚ್ಚೇ ಯಜಮಾನ. ನೋಡಿ ಹೇಳಿ, ಆಮೇಲೆ ಮಾತಾಡೋಣ.

ಪ್ಯಾಚ್‌ಕಾರ್ಡ್_ಪರಮೇಶಿ
ಅಕ್ಕಾ, ಕಾಲಿಗೆ ಬಿದ್ದೆ. ರೂಟ್ ಇರೋದು ಗರ್ಲ್ಸ್ ಹಾಸ್ಟೆಲ್ ಮೆಟ್ಟಿಲ ಕೆಳಗೆ, ಮೆಸ್ಸಿನ ಗೋಧಿ ಹಿಟ್ಟಿನ ಮೂಟೆ ಪಕ್ಕ ಇರೋ ಹಳೇ 24 ಪೋರ್ಟಿನ ಸ್ವಿಚ್ಚು! ಅದಕ್ಕೆ ಯುಪಿಎಸ್ ಕೂಡ ಇಲ್ಲ. ದಿನಾ ಸಂಜೆ ಕರೆಂಟ್ ಹೋಗಿ ಜನರೇಟರ್‌ಗೆ ಚೇಂಜ್ ಆಗೋವಾಗ ಅಡ್ಮಿನ್ ಬ್ಲಾಕಲ್ಲೂ ನೆಟ್ ಹೋಗುತ್ತೆ ಅಂತ ಅಕೌಂಟ್ಸ್ ಮೇಡಂ ಎರಡು ವರ್ಷದಿಂದ ಹೇಳ್ತಿದ್ರು, ನಾನು ಇಂಟರ್ನೆಟ್ ಕೊಡೋರನ್ನ ಬೈಕೊಂಡು ಓಡಾಡ್ತಿದ್ದೆ.

ರತ್ನ_ನೆಟ್‌ಆಪ್ಸ್
ಅದೇ. ಹಳೇ ಸ್ಪ್ಯಾನಿಂಗ್ ಟ್ರೀಲಿ ರೂಟ್ ಸತ್ರೆ ಹೊಸ ಮರ ಕಟ್ಟೋಕೆ 30ರಿಂದ 50 ಸೆಕೆಂಡ್ ಬೇಕು, ಅಷ್ಟು ಹೊತ್ತು ಎಲ್ರೂ ಕಾಯ್ತಿರ್ತಾರೆ. ಇವತ್ತೇ ಕೋರಿನ ಪ್ರಯಾರಿಟಿ 4096 ಮಾಡಿ, ಆಗೋ ಸ್ವಿಚ್ಚಲ್ಲೆಲ್ಲಾ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಹಾಕಿ. ರಾತ್ರಿ ಮಾಡಿ, ಒಂದು ಸಲ ಎಲ್ಲರ ನೆಟ್ಟೂ ಎಗರುತ್ತೆ. ಡಬ್ಬಿ ಸ್ವಿಚ್ ನೇತು ಹಾಕಿರೋ ಪೋರ್ಟಲ್ಲೆಲ್ಲಾ ಬಿಪಿಡಿಯು ಗಾರ್ಡ್ ಹಾಕಿ (ಸ್ಪ್ಯಾನಿಂಗ್ ಟ್ರೀಗೆ ಸ್ವಿಚ್ಚುಗಳು ಕಳಿಸೋ ಪ್ಯಾಕೆಟ್ಟೇ ಬಿಪಿಡಿಯು). ಡಬ್ಬಿಗೆ ಟ್ರೀ ಗೊತ್ತಿಲ್ಲದಿದ್ರೂ ಬಿಪಿಡಿಯುನ ಹಂಗೇ ದಾಟಿಸಿಬಿಡುತ್ತೆ, ಲೂಪ್ ಆದಾಗ ನಿಮ್ಮ ಸ್ವಿಚ್ ಕಳಿಸಿದ್ದು ಅದಕ್ಕೇ ವಾಪಸ್ ಬಂದು ಪೋರ್ಟ್ ತಾನಾಗೇ ಮುಚ್ಚಿಕೊಳ್ಳುತ್ತೆ. ಕೆಲವು ಡಬ್ಬಿ ಅದನ್ನೂ ನುಂಗುತ್ವೆ, ಅಂಥ ಕಡೆ ಲೂಪ್ ಡಿಟೆಕ್ಷನ್ ಇದ್ರೆ ಅದನ್ನೂ ಆನ್ ಮಾಡಿ. ಇದು ಫಸ್ಟ್ ಏಡ್ ಅಷ್ಟೆ, ರೂಟಿಂಗ್ ಹೆಂಗಿದ್ರೂ ಬೇಕು.

ಗುಂಡ_ಗೇಟ್‌ವೇ
ನಾನು ಹೇಳಿದ್ದೂ ಅದೇ ತಾನೇ, ಸ್ಪ್ಯಾನಿಂಗ್ ಟ್ರೀ ಸರಿ ಮಾಡಿದ್ರೆ ಸಾಕು ಅಂತ

ಧಾರವಾಡ_ಪೇಡೆ
ಸಾಕಾಗಂಗಿಲ್ರೀ ಗುಂಡಣ್ಣಾರ. 2002ರ ನವೆಂಬರ್‌ನ್ಯಾಗ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರಿ ಕಥಿ ಓದ್ರಿ. ವರ್ಷಾನುಗಟ್ಟಲೆ ಸ್ವಿಚ್ಚಿಗೆ ಸ್ವಿಚ್ ಜೋಡಿಸ್ಕೋತ ಹೋಗಿ ಒಂದ ದೊಡ್ಡ ಬ್ರಿಡ್ಜ್ ಮಾಡಿದ್ರು, ಸ್ಪ್ಯಾನಿಂಗ್ ಟ್ರೀ ಡೀಫಾಲ್ಟ್ ಟೈಮರ್ ಮ್ಯಾಲ ಏಳು ಹಾಪ್ ತನಕ ಅಂತ ಲೆಕ್ಕ, ಅದನ್ನ ದಾಟಿತ್ತು. ಟ್ರಾಫಿಕ್ ಹೆಚ್ಚಾದ ದಿನ ಲೂಪ್ ಹತ್ತಿ ನಾಲ್ಕು ದಿನ ಎಡವಟ್ಟು, ಡಾಕ್ಟರ್ ಮಂದಿ ಪೆನ್ನು ಹಾಳಿ ಹಿಡಿದು ಕೆಲಸ ಮಾಡಿದ್ರು. ಅವರ ಐಟಿ ಮುಖ್ಯಸ್ಥ ಜಾನ್ ಹಲಾಮ್ಕಾ ಮುಚ್ಚಿಡಲಿಲ್ಲ, ಬ್ಯಾರೆಯವರು ಕಲೀಲಿ ಅಂತ ಎಲ್ಲಾ ಬಿಚ್ಚಿ ಹೇಳಿದ. ದೊಡ್ಡ ಮನಸ್ಸು ಬೇಕ್ರಿ ಅದಕ್ಕ.

ನಾಲ್ಕನೇ_ಸೆಮ್
ದಡ್ಡ ಪ್ರಶ್ನೆ ಅನ್ಕೋಬೇಡಿ, ನೀವೆಲ್ಲಾ ಬ್ರಿಡ್ಜ್ ಬ್ರಿಡ್ಜ್ ಅಂತೀರ, ಇಲ್ಲಿರೋದು ಸ್ವಿಚ್ ಅಲ್ವಾ? ಎರಡೂ ಒಂದೇನಾ?

ಕುಡ್ಲ_ಕೇಬಲ್
ಒಂದೇ ಮಾರಾಯ. ಎರಡು ಪೋರ್ಟ್ ಇದ್ದಾಗ ಬ್ರಿಡ್ಜ್ ಅಂತಿದ್ರು, ಪೋರ್ಟ್ ಜಾಸ್ತಿ ಆಗಿ ಕೆಲಸ ಚಿಪ್ಪಿಗೆ ಹೋದ ಮೇಲೆ ಸ್ವಿಚ್ ಅಂತ ಹೆಸರಿಟ್ಟು ಮಾರಿದ್ರು. ಮೊದಲ ಈಥರ್ನೆಟ್ ಸ್ವಿಚ್ ತಂದ ಕಂಪನಿ ಹೆಸರು ಗೊತ್ತುಂಟಾ? ಕಲ್ಪನಾ!

ಮಂಡ್ಯದ್_ಮೋಡೆಮ್ಮು
ಮಿನುಗುತಾರೆ ಕಲ್ಪನಾನಾ 😄

ಕುಡ್ಲ_ಕೇಬಲ್
ಅಲ್ಲ ಮಾರಾಯ್ರೆ, ವಿನೋದ್ ಭಾರದ್ವಾಜ್ ಅಂತ ನಮ್ಮ ದೇಶದ ಮೂಲದವರು ಅಮೆರಿಕದಲ್ಲಿ ಲ್ಯಾರಿ ಬ್ಲೇರ್ ಜೊತೆ ಸೇರಿ ಕಟ್ಟಿದ ಕಂಪನಿ, ಹೆಂಡತಿ ಹೆಸರಿಟ್ರು. 1990ರ ಹೊತ್ತಿಗೆ ಸ್ವಿಚ್ ಬಂತು, 1994ರಲ್ಲಿ ಸಿಸ್ಕೋದವರು ಕಂಪನಿಯನ್ನೇ ಕೊಂಡುಕೊಂಡ್ರು. ಸ್ಪ್ಯಾನಿಂಗ್ ಟ್ರೀ ಬರೆದದ್ದೂ ಹೆಂಗಸೇ, ರೇಡಿಯಾ ಪರ್ಲ್‌ಮನ್, 1985ರಲ್ಲಿ.

ಮಂಡ್ಯದ್_ಮೋಡೆಮ್ಮು
ನಾನು ನನ್ ಹೆಂಡ್ತಿ ಹೆಸರು ವೈಫೈಗೆ ಇಟ್ಟಿವ್ನಿ, ಯಾರೂ ಕೊಂಡ್ಕೊಳ್ಳಕ್ಕೆ ಬಂದಿಲ್ಲ.

ಗುಂಡ_ಗೇಟ್‌ವೇ
ವಿಷಯಕ್ಕೆ ಬನ್ನಿ. ಸರಿ, ಒಡೀಲೇಬೇಕು ಅಂದ್ರೆ ವಿಲ್ಯಾನ್ ಮಾಡಿ, ಅದೇ ಸ್ವಿಚ್ಚುಗಳೊಳಗೇ ಬೇರೆ ಬೇರೆ ನೆಟ್‌ವರ್ಕ್. ಹಾಸ್ಟೆಲ್‌ಗೊಂದು, ಸ್ಟಾಫಿಗೊಂದು, ಲ್ಯಾಬಿಗೊಂದು, ಇಡೀ ಕ್ಯಾಂಪಸ್ ತುಂಬಾ ಎಳೀರಿ. ಎಲ್ಲಿ ಬೇಕಾದ್ರೂ ಯಾವ ಪೋರ್ಟ್ ಬೇಕಾದ್ರೂ ಯಾವ ವಿಲ್ಯಾನ್‌ಗೆ ಬೇಕಾದ್ರೂ ಹಾಕಬಹುದು.

ಧಾರವಾಡ_ಪೇಡೆ
ಅದಾ ತಪ್ಪು ನೋಡ್ರಿ. ಒಂದು ಖೋಲಿಯೊಳಗ ನಾಲ್ಕು ಪರದೆ ಕಟ್ಟಿದ್ರ ನಾಲ್ಕು ಮನಿ ಆಗ್ತಾವೇನು? ಹಾಸ್ಟೆಲ್ ವಿಲ್ಯಾನ್‌ನ್ಯಾಗ ಲೂಪ್ ಆದ್ರ ಅದಾ ಟ್ರಂಕ್ (ಎಲ್ಲಾ ವಿಲ್ಯಾನ್ ಹೊರೋ ಲಿಂಕ್) ಮ್ಯಾಲ ಸ್ಟಾಫ್ ವಿಲ್ಯಾನ್‌ದೂ ಟ್ರಾಫಿಕ್ ಹೋಗ್ತಿರತೈತಿ, ಲಿಂಕ್ ತುಂಬಿ ಎರಡೂ ಕೂಡೇ ಮಲಗ್ತಾವ, ಸ್ವಿಚ್ಚಿನ ಸಿಪಿಯು ಅಂತೂ ಒಂದಾ ಇರೂದು. ವಿಲ್ಯಾನ್ ಬಿಲ್ಡಿಂಗ್ ದಾಟಬಾರದು. ಬಿಲ್ಡಿಂಗ್ ಮತ್ತ ಕೋರ್ ನಡುವ ಬರೇ ರೂಟೆಡ್ ಲಿಂಕ್, ಅಲ್ಲಿ ಸ್ಪ್ಯಾನಿಂಗ್ ಟ್ರೀ ಹೆಸರಾ ಇರಬಾರದು.

ಪ್ಯಾಚ್‌ಕಾರ್ಡ್_ಪರಮೇಶಿ
ಬಿಲ್ಡಿಂಗಲ್ಲಿ ಲೇಯರ್ 3 ಸ್ವಿಚ್ ಇಲ್ಲ ಸಾರ್, ಕೋರಲ್ಲಿ ಮಾತ್ರ. ಬಜೆಟ್ ಕೇಳಿದ್ರೆ ಕಾಲೇಜಿಗೆ ಮಾನ್ಯತೆ ಕೊಡೋ ನ್ಯಾಕ್ ಟೀಮ್ ಬಂದು ಹೋಗ್ಲಿ ಅಂತಾರೆ.

ರತ್ನ_ನೆಟ್‌ಆಪ್ಸ್
ಹಂಗಾದ್ರೆ ರೂಟಿಂಗ್ ಕೋರಲ್ಲೇ ಮಾಡಿ, ಆದ್ರೆ ಪೇಡೆ ಸಾರ್ ಹೇಳಿದ ನಿಯಮ ಬಿಡಬೇಡಿ. ಪ್ರತಿ ಬಿಲ್ಡಿಂಗಿಗೂ ಅದರದ್ದೇ ವಿಲ್ಯಾನ್ ನಂಬರ್, ಆ ಬಿಲ್ಡಿಂಗಿನ ಟ್ರಂಕ್ ಮೇಲೆ ಅದರದ್ದಷ್ಟೇ ಬಿಡಿ, ಬೇರೆ ಯಾವುದನ್ನೂ ಬಿಡಬೇಡಿ. ಮುಂದೆ ದುಡ್ಡು ಬಂದಾಗ ಬಿಲ್ಡಿಂಗಲ್ಲಿ ಲೇಯರ್ 3 ಸ್ವಿಚ್ ಕೂರಿಸಿದ್ರೆ ಗೇಟ್‌ವೇನ ಅಲ್ಲಿಗೆ ತಳ್ಳಿದ್ರಾಯ್ತು, ಯಾವ ಪಿಸಿ ಐಪಿನೂ ಬದಲಾಗಲ್ಲ.

ಅಡ್ರೆಸ್ಸು 172.16 ಒಳಗೇ ತುಂಡು ಮಾಡೋಕೆ ಹೋಗಬೇಡಿ. ಕೋರಲ್ಲಿ ಹಳೇ /16 ಒಂದು ಇಂಟರ್‌ಫೇಸಲ್ಲಿ ಇರೋವಾಗ ಅದರೊಳಗಿನ ತುಂಡನ್ನ ಇನ್ನೊಂದಕ್ಕೆ ಕೊಟ್ರೆ ಓವರ್‌ಲ್ಯಾಪ್ ಅಂತ ಹೆಚ್ಚಿನ ಸ್ವಿಚ್ಚುಗಳು ಒಪ್ಪಲ್ಲ. ಮಾಸ್ಕ್ ಚಿಕ್ಕದು ಮಾಡಿ ಪ್ರಾಕ್ಸಿ ಎಆರ್‌ಪಿ (ಈ ಐಪಿ ಯಾರದ್ದು ಅಂತ ಪಿಸಿ ಕೂಗಿ ಕೇಳೋದು ಎಆರ್‌ಪಿ, ಅದಕ್ಕೆ ಬೇರೆಯವರ ಪರವಾಗಿ ಕೋರೇ ಉತ್ತರ ಕೊಡೋದು ಪ್ರಾಕ್ಸಿ) ಹಾಕಿ ಸಂಭಾಳಿಸಬಹುದು, ನಾನು ಒಂದು ಸಲ ಮಾಡಿದ್ದೆ, ಆರು ತಿಂಗಳು ನಿದ್ದೆಗೆಟ್ಟೆ. 10ರಲ್ಲಿ ಹೊಸ ರೇಂಜ್ ತಗೊಳ್ಳಿ. ಮೂರನೇ ಬಿಲ್ಡಿಂಗ್ ಅಂದ್ರೆ 10.3, ಸ್ಟಾಫ್ 10.3.10.0/24, ಲ್ಯಾಬು 10.3.20.0/22, ಕ್ಯಾಮೆರಾ 10.3.40.0/24. ಐಪಿ ನೋಡಿದ ತಕ್ಷಣ ಯಾವ ಬಿಲ್ಡಿಂಗ್ ಅಂತ ಗೊತ್ತಾಗ್ಬೇಕು, ರಾತ್ರಿ ಹನ್ನೊಂದಕ್ಕೆ ಫೋನ್ ಬಂದಾಗ ಅದರ ಬೆಲೆ ತಿಳಿಯುತ್ತೆ. ಹಳೇ ಪಿಸಿಗೆ 10 ಅನ್ನೋದು ಹೊರಗಿನ ನೆಟ್‌ವರ್ಕು, ತಾನಾಗೇ ಗೇಟ್‌ವೇಗೆ ಕಳಿಸುತ್ತೆ. ಹಳೇದೂ ಹೊಸದೂ ಒಟ್ಟಿಗೇ ಬದುಕಬಹುದು.

ಹೊರನಾಡ_ಹಾಪ್
ನಾನು ಹೊರದೇಶದಲ್ಲಿ ಒಂದು ಯೂನಿವರ್ಸಿಟಿ ನೆಟ್‌ವರ್ಕ್ ಟೀಮಲ್ಲಿದ್ದೀನಿ. ಈ ಜಗಳ ಹೊಸದೇನಲ್ಲ, ಸಬ್‌ನೆಟ್ ಅನ್ನೋ ಕಲ್ಪನೆ ಬಂದಿದ್ದೇ ಕ್ಯಾಂಪಸ್‌ಗಳಿಂದ. 1984ರಲ್ಲಿ ಸ್ಟ್ಯಾನ್‌ಫರ್ಡಿನ ಜೆಫ್ರಿ ಮೋಗಲ್ ಆರ್‌ಎಫ್‌ಸಿ 917 (ಇಂಟರ್ನೆಟ್ ನಿಯಮಗಳ ದಾಖಲೆ) ಬರೆದ್ರು, ಮರುವರ್ಷ ಜಾನ್ ಪೋಸ್ಟೆಲ್ ಜೊತೆ ಸೇರಿ ಬರೆದ 950 ಸ್ಟ್ಯಾಂಡರ್ಡ್ ಆಯ್ತು. ಬ್ರಿಡ್ಜ್ ಸಾಕಾ, ಸಬ್‌ನೆಟ್ ಬೇಕಾ ಅಂತ ಆಗ್ಲೂ ಇದೇ ವಾದ.

ಒಂದು ಅಪಸ್ವರ. ವೈಫೈನ ಬಿಲ್ಡಿಂಗ್ ಪ್ರಕಾರ ಒಡೆದ್ರೆ ಲೈಬ್ರರಿಯಿಂದ ಕ್ಯಾಂಟೀನಿಗೆ ನಡ್ಕೊಂಡು ಹೋಗೋವಾಗ ಐಪಿ ಬದಲಾಗಿ ಕಾಲ್ ಕಟ್ ಆಗುತ್ತೆ.

ಮಂಡ್ಯದ್_ಮೋಡೆಮ್ಮು
ಕ್ಯಾಂಟೀನಿಗೋಯ್ತಾ ವೈಫೈ ಕಾಲ್ ಯಾಕ್ ಸಾಮಿ, ಜಿಯೋ ಇಲ್ವಾ

ರತ್ನ_ನೆಟ್‌ಆಪ್ಸ್
ಹಾಪ್ ಅವರು ಹೇಳೋದು ನಿಜ. ಎಲ್ಲಾ ಆಕ್ಸೆಸ್ ಪಾಯಿಂಟ್ ಆಳೋ ಕಂಟ್ರೋಲರ್ ಇದ್ರೆ ವೈಫೈ ಟ್ರಾಫಿಕ್ ಟನಲಲ್ಲಿ ಕೋರಿಗೆ ಬರುತ್ತೆ, ಐಪಿ ಬದಲಾಗಲ್ಲ. ಇಲ್ಲದಿದ್ರೆ ಬಿಲ್ಡಿಂಗ್ ಬಿಟ್ಟು ಬಿಲ್ಡಿಂಗಿಗೆ ಹೋದಾಗ ಒಂದು ಸಲ ಕಟ್ ಆಗ್ಲಿ ಬಿಡಿ. 1800 ಡಿವೈಸಿನ ಎಆರ್‌ಪಿ ಬ್ರಾಡ್‌ಕಾಸ್ಟು ಒಂದೊಂದು ಆಕ್ಸೆಸ್ ಪಾಯಿಂಟಿಂದ್ಲೂ ಅತಿ ಕಡಿಮೆ ಸ್ಪೀಡಲ್ಲಿ ಗಾಳಿಗೆ ಹೋಗ್ತಿರುತ್ತೆ, ಅದಕ್ಕಿಂತ ಇದೇ ವಾಸಿ. ಸಂಜೆ ಹೊತ್ತು ನಿಮ್ಮ ವೈಫೈ ಗೋಳಾಡಿಸ್ತಿದ್ರೆ ಅರ್ಧ ಕಾರಣ ಇದೇ ಇರಬೇಕು.

ಲ್ಯಾಬ್_ಲಕ್ಷ್ಮಣ
ಎಲ್ರೂ ರೂಟಿಂಗ್ ಬಗ್ಗೆ ಮಾತಾಡ್ತಿದೀರ, ನಾನು ನಮ್ಮ ಕಾಲೇಜಲ್ಲಿ ಎರಡು ವರ್ಷದ ಹಿಂದೆ ಇದೇ ಕೆಲಸ ಮಾಡಿದೆ, ರೂಟಿಂಗ್ ಒಂದು ಸಂಜೆ ಕೆಲಸ ಸಾರ್. ಮಿಕ್ಕ ನಾಲ್ಕು ತಿಂಗಳು ಸ್ಟ್ಯಾಟಿಕ್ ಐಪಿ (ಕೈಯಲ್ಲೇ ಟೈಪ್ ಮಾಡಿ ಇಟ್ಟಿದ್ದು) ಹುಡುಕೋದೇ ಆಯ್ತು. ಹೆಬ್ಬೆಟ್ಟು ಮಷೀನಿನ ಕಥೆ ಹೇಳ್ತೀನಿ ಕೇಳಿ. 26 ಮಷೀನು, ಎಲ್ಲಕ್ಕೂ ಸ್ಟ್ಯಾಟಿಕ್ಕು, ಹಾಕಿದ ವೆಂಡರ್ ಹುಡುಗ ಗೇಟ್‌ವೇ ಜಾಗದಲ್ಲಿ 0.0.0.0 ಬಿಟ್ಟಿದ್ದ. ಫ್ಲ್ಯಾಟ್ ನೆಟ್‌ವರ್ಕಲ್ಲಿ ಗೇಟ್‌ವೇ ಯಾಕೆ ಬೇಕು, ಸರ್ವರ್ ಪಕ್ಕದಲ್ಲೇ ಇದ್ದಂಗೆ, ನಡೀತಿತ್ತು. ನಾನು ಮೊದಲೇ ಸರ್ವರನ್ನ ಹೊಸ ಸಬ್‌ನೆಟ್ಟಿಗೆ ಹಾಕ್ದೆ. ಮಷೀನುಗಳಿಗೆ ಸರ್ವರಿಗೆ ದಾರಿನೇ ಇಲ್ಲ. ಹೆಬ್ಬೆಟ್ಟು ಒತ್ತಿದ್ರೆ ಥ್ಯಾಂಕ್ಯೂ ಅನ್ನುತ್ತೆ, ಲಾಗು ಮಾತ್ರ ಸರ್ವರಿಗೆ ಬರಲ್ಲ. ತಿಂಗಳ ಕೊನೇಲಿ ಅರ್ಧ ಸ್ಟಾಫಿಗೆ ಲಾಸ್ ಆಫ್ ಪೇ ತೋರಿಸ್ತು, ನನ್ನನ್ನ ಹುಡುಕ್ಕೊಂಡು ಬಂದ್ರು. ಏಣಿ ಹಿಡ್ಕೊಂಡು ಒಂದೊಂದೇ ಮಷೀನಿನ ಮೆನು ಒಳಗೆ ಹೋಗಿ ಗೇಟ್‌ವೇ ಟೈಪ್ ಮಾಡಿದೀನಿ, ನಾಲ್ಕರ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ.

ಸರ್ವರ್ ಕೊನೆಗೆ ಹಾಕಿ. ಕೊನೆಗೆ!

ಪ್ಯಾಚ್‌ಕಾರ್ಡ್_ಪರಮೇಶಿ
ಈಗಷ್ಟೆ ಹೋಗಿ ನೋಡ್ಕೊಂಡು ಬಂದೆ ಲಕ್ಷ್ಮಣ್ ಸಾರ್. ನಮ್ಮ ಗೇಟಿನ ಮಷೀನಲ್ಲೂ 0.0.0.0. ಅದೇ ವೆಂಡರ್ ಹುಡುಗ ಇರಬೇಕು.

ಶಿರಸಿ_ಸಬ್‌ನೆಟ್
ಡಿಎಚ್‌ಸಿಪಿ (ತಾನಾಗೇ ಐಪಿ ಹಂಚೋದು) ಲೀಸ್ ಟೈಮ್ ಮೊದಲೇ ಕಡಿಮೆ ಮಾಡ್ಕೊಳಿ. ವಿಂಡೋಸ್ ಸರ್ವರ್ ಆದ್ರೆ ಡೀಫಾಲ್ಟ್ 8 ದಿನ. ಪಿಸಿ ಸಾಮಾನ್ಯವಾಗಿ ಅರ್ಧ ಲೀಸ್ ಮುಗಿಯೋವರೆಗೂ ಸರ್ವರನ್ನ ಮಾತಾಡ್ಸಲ್ಲ, ಹಾಗಾಗಿ ಬದಲಾವಣೆಗೆ ಒಂದು ವಾರ ಮುಂಚೆನೇ 1 ಗಂಟೆ ಮಾಡಿ ಇಟ್ಟಿರಿ. ಡಿಎಚ್‌ಸಿಪಿ ಕೂಗು ಬ್ರಾಡ್‌ಕಾಸ್ಟು, ರೂಟರ್ ದಾಟಲ್ಲ, ಆದ್ದರಿಂದ ಕೋರಿನ ಪ್ರತಿ ವಿಲ್ಯಾನ್ ಇಂಟರ್‌ಫೇಸಲ್ಲೂ ಆ ಕೂಗನ್ನ ಸರ್ವರಿಗೆ ದಾಟಿಸೋ ರಿಲೇ ಬೇಕು. ನಾನು ಒಂದು ಹಾಸ್ಟೆಲ್ ವಿಲ್ಯಾನಲ್ಲಿ ರಿಲೇ ಮರೆತಿದ್ದೆ, ಹುಡುಗರಿಗೆಲ್ಲಾ ಸರ್ವರ್ ಸಿಗದಿದ್ರೆ ಪಿಸಿ ತಾನೇ ಹಾಕ್ಕೊಳ್ಳೋ 169.254 ಬಂದು ಅದೇ ಐಪಿ ಮೇಲೆ ಆರಾಮಾಗಿ ಗೇಮ್ ಆಡ್ತಾ ಇದ್ರು, ಒಬ್ರೂ ಕಂಪ್ಲೇಂಟ್ ಮಾಡಲಿಲ್ಲ.

ನಾಲ್ಕನೇ_ಸೆಮ್
ಅಯ್ಯೋ, ರೂಟಿಂಗ್ ಮಾಡಿದ್ರೆ ಎ ಬ್ಲಾಕಿಂದ ಬಿ ಬ್ಲಾಕಿಗೆ ಕೌಂಟರ್ ಸ್ಟ್ರೈಕ್ ಸರ್ವರ್ ಕಾಣಲ್ವಾ 😭

ಶಿರಸಿ_ಸಬ್‌ನೆಟ್
ಲ್ಯಾನ್ ಲಿಸ್ಟಲ್ಲಿ ಕಾಣಲ್ಲ, ಅದು ಬ್ರಾಡ್‌ಕಾಸ್ಟ್ ಮೇಲೆ ಹುಡುಕೋದು. ಕನ್ಸೋಲಲ್ಲಿ ಐಪಿ ಹೊಡೆದು ಕನೆಕ್ಟ್ ಆಗು. ಓದ್ಕೋ ಮೊದಲು.

ಗುಂಡ_ಗೇಟ್‌ವೇ
ಇದಕ್ಕೇ ನಾನು ಹೇಳೋದು. ಕೌಂಟರ್ ಸ್ಟ್ರೈಕ್ ಬಿಡಿ, ಪ್ರಿಂಟರ್ ತಾನಾಗೇ ಕಾಣಲ್ಲ, ಅಕೌಂಟ್ಸ್‌ನವರ ಶೇರ್ಡ್ ಫೋಲ್ಡರ್ ಹೆಸರಲ್ಲಿ ಓಪನ್ ಆಗಲ್ಲ. ಚೆನ್ನಾಗಿ ನಡೀತಿರೋದನ್ನ ಕೆಡಿಸಿ ಬೈಸ್ಕೊಳ್ಳೋದ್ಯಾಕೆ?

ಧಾರವಾಡ_ಪೇಡೆ
ಚಂದ ನಡದಿದ್ರ ಪರಮೇಶಿ ರಾತ್ರಿ ಬೈಕ್ ಹತ್ತಿ ಯಾಕ ಹೊಂಟಿದ್ರು? ಹೆಸರಿಗೆ ಡಿಎನ್‌ಎಸ್ ಐತಿ, ಪ್ರಿಂಟರ್‌ಗೆ ಐಪಿ ಹಾಕಿ ಸೇರಿಸ್ರಿ, ಮುಗೀತು.

ಪ್ಯಾಚ್‌ಕಾರ್ಡ್_ಪರಮೇಶಿ
*ಮೂರು ವಾರದ ಮೇಲೆ*

ಮೆಕ್ಯಾನಿಕಲ್ ಬ್ಲಾಕ್ ಮೊದಲು ಮಾಡಿದೆ, ಭಾನುವಾರ. 10.4 ಕೊಟ್ಟೆ. ಐಪಿ ಬಂತು, ಇಂಟರ್ನೆಟ್ ಬರಲಿಲ್ಲ, ಫೈರ್‌ವಾಲಲ್ಲಿ 10ಕ್ಕೆ ನ್ಯಾಟ್ (ಒಳಗಿನ ಐಪಿನ ಹೊರಗಿನ ಐಪಿಗೆ ಬದಲಾಯಿಸೋದು) ರೂಲೇ ಹಾಕಿರಲಿಲ್ಲ, ಹಾಕ್ದೆ ಬಂತು. ಖುಷಿಯಾಗಿ ಮನೆಗೆ ಹೋದೆ.

ಸೋಮವಾರ ವಿಚಿತ್ರ. ಹಳೇ ನೆಟ್‌ವರ್ಕಿನ ಆಫೀಸ್ ಪಿಸಿಯಿಂದ ಮೆಕ್ಯಾನಿಕಲ್‌ನ ಸಿಸಿಟಿವಿ ರೆಕಾರ್ಡರ್‌ಗೆ ಪಿಂಗ್ ಹೋಗುತ್ತೆ, ವೆಬ್ ಪೇಜ್ ಓಪನ್ ಆಗಲ್ಲ. ಕೇಬಲ್ ಬದಲಾಯಿಸ್ದೆ, ಬ್ರೌಸರ್ ಬದಲಾಯಿಸ್ದೆ, ರೆಕಾರ್ಡರ್ ಆಫ್ ಆನ್ ಮಾಡಿದೆ. ಪಿಂಗ್ ಮಾತ್ರ ನಗ್ತಾ ಹೋಗ್ತಿದೆ. ತಲೆ ಕೆಟ್ಟೋಯ್ತು.

ರತ್ನ_ನೆಟ್‌ಆಪ್ಸ್
ಹಳೇ ಪಿಸಿಗಳಿಗೆ ಗೇಟ್‌ವೇ ಇನ್ನೂ ಫೈರ್‌ವಾಲೇನಾ?

ಪ್ಯಾಚ್‌ಕಾರ್ಡ್_ಪರಮೇಶಿ
ಹೂಂ ಅಕ್ಕ. ಫೈರ್‌ವಾಲಲ್ಲಿ 10.4ಕ್ಕೆ ಕೋರ್ ಕಡೆ ರೂಟ್ ಹಾಕಿದೀನಿ.

ರತ್ನ_ನೆಟ್‌ಆಪ್ಸ್
ಸಿಕ್ಕಿತು. ಹೋಗೋ ದಾರಿ: ಪಿಸಿ, ಫೈರ್‌ವಾಲ್, ಕೋರ್, ರೆಕಾರ್ಡರ್. ಬರೋ ದಾರಿ: ರೆಕಾರ್ಡರ್, ಕೋರ್, ನೇರ ಪಿಸಿ, ಯಾಕಂದ್ರೆ ಕೋರಿಗೆ ಹಳೇ ನೆಟ್‌ವರ್ಕಲ್ಲೂ ಕಾಲಿದೆ. ಫೈರ್‌ವಾಲು ಮಾತಿನ ಒಂದು ಕಡೆ ಮಾತ್ರ ಕೇಳಿಸ್ಕೊಳ್ತಿದೆ, ಟಿಸಿಪಿ ಶುರುವಾಗಿದ್ದು ಗೊತ್ತು, ಉತ್ತರ ಬಂದಿದ್ದು ಗೊತ್ತಿಲ್ಲ, ಮೂರನೇ ಪ್ಯಾಕೆಟ್ ಬಂದಾಗ ಇದ್ಯಾವುದೋ ಕಳ್ಳ ಅಂತ ಬಿಸಾಕುತ್ತೆ. ಪಿಂಗಿಗೆ ಆ ಮಡಿ ಇಲ್ಲ, ಅದಕ್ಕೇ ಹೋಗುತ್ತೆ.

172.16.0.1 ಅನ್ನೋ ಐಪಿನ ಫೈರ್‌ವಾಲಿಂದ ಕಿತ್ತು ಕೋರಿಗೆ ಕೊಡಿ. ಫೈರ್‌ವಾಲ್ ಮತ್ತು ಕೋರ್ ಮಧ್ಯ ಎರಡೇ ಅಡ್ರೆಸ್ಸಿನ ಬೇರೆ /30 ಲಿಂಕ್ ಮಾಡಿ, ಕೋರಿನ ಡೀಫಾಲ್ಟ್ ರೂಟ್ ಆ ಕಡೆ, ಫೈರ್‌ವಾಲಲ್ಲಿ 172.16ಕ್ಕೂ 10ಕ್ಕೂ ಕೋರ್ ಕಡೆ ರೂಟ್. ಯಾವ ಪಿಸಿನೂ ಮುಟ್ಟಬೇಕಾಗಿಲ್ಲ. ಇದನ್ನ ನಾನು ಮೊದಲೇ ಹೇಳ್ಬೇಕಿತ್ತು, ತಪ್ಪಾಯ್ತು. ಬದಲಾಯಿಸಿದ ಮೇಲೆ ಹಳೇ ಪಿಸಿಗಳ ಎಆರ್‌ಪಿಲಿ ಫೈರ್‌ವಾಲಿನ ಮ್ಯಾಕೇ ಸ್ವಲ್ಪ ಹೊತ್ತು ಇರುತ್ತೆ, ಹೆದರಬೇಡಿ.

ಶಿರಸಿ_ಸಬ್‌ನೆಟ್
ಇದರ ಹಿಂದೆ ಇನ್ನೊಂದಿದೆ ಪರಮೇಶಣ್ಣ. ಫೈರ್‌ವಾಲಲ್ಲಿ ಹುಡುಗರ ಮ್ಯಾಕ್ ಬೈಂಡಿಂಗ್ (ಇಂಥ ಮ್ಯಾಕಿಗೆ ಮಾತ್ರ ನೆಟ್ ಅನ್ನೋದು) ಮಾಡಿದ್ರೆ ಅದು ಸತ್ತಂಗೆ. ರೂಟರ್ ದಾಟಿದ ಮೇಲೆ ಎಲ್ಲಾ ಪ್ಯಾಕೆಟ್ಟೂ ಕೋರಿನ ಮ್ಯಾಕ್ ಹೊತ್ಕೊಂಡೇ ಬರ್ತವೆ. ಯೂಸರ್ ಲಾಗಿನ್‌ಗೆ ಬದಲಾಯಿಸಿ.

ಪ್ಯಾಚ್‌ಕಾರ್ಡ್_ಪರಮೇಶಿ
ಮಾಡಿದೀವಿ ಮಾರಾಯ, 900 ಎಂಟ್ರಿ, ನಾನೇ ಕೂತು ಟೈಪ್ ಮಾಡಿದ್ದು, ಎರಡು ಸೆಮಿಸ್ಟರ್ ಹಿಡೀತು.

ಮಂಡ್ಯದ್_ಮೋಡೆಮ್ಮು
ಒಂದು ನಿಮಿಷ ಮೌನ ಆಚರಿಸಿ ಎಲ್ರೂವೆ

ಗುಂಡ_ಗೇಟ್‌ವೇ
ಫೋನುಗಳೆಲ್ಲಾ ಈಗ ರ‍್ಯಾಂಡಮ್ ಮ್ಯಾಕ್ ಕೊಡ್ತವೆ, ಆಂಡ್ರಾಯ್ಡ್ 10ರಿಂದ. ಆ ಬೈಂಡಿಂಗ್ ಹೆಂಗಿದ್ರೂ ಅರ್ಧ ಸತ್ತಿತ್ತು ಬಿಡಿ. ಇದೊಂದು ವಿಷಯಕ್ಕೆ ನಾನು ಒಡೆಯೋರ ಪಕ್ಷ.

ಧಾರವಾಡ_ಪೇಡೆ
ಗುಂಡಣ್ಣ ಒಪ್ಪಿದ್ರು! ಪೇಡೆ ಹಂಚ್ರೀ.

ಪ್ಯಾಚ್‌ಕಾರ್ಡ್_ಪರಮೇಶಿ
*ಸೆಮ್ ರಜೆ ಮುಗಿದ ಮೇಲೆ*

ಕೇಳಿದವ್ರಿಗೆಲ್ಲಾ ಅಪ್‌ಡೇಟ್. 172.16.0.1ನ ಕೋರಿಗೆ ಕೊಟ್ಟ ರಾತ್ರಿ ಸುಮಾರು ಇಪ್ಪತ್ತು ನಿಮಿಷ ಎದೆ ಡವಡವ, ಆಮೇಲೆ ಎಲ್ಲಾ ಬಂತು, ಸಿಸಿಟಿವಿ ಪೇಜೂ ಬಂತು. ಆರು ಬಿಲ್ಡಿಂಗು, ಎರಡು ಹಾಸ್ಟೆಲ್ ಮುಗಿದಿದೆ. ಮೊನ್ನೆ ಬಾಯ್ಸ್ ಹಾಸ್ಟೆಲಲ್ಲಿ ಮತ್ತೆ ಲೂಪ್ ಆಯ್ತು, ಆ ಒಂದು ಪೋರ್ಟ್ ಮುಚ್ಕೊಂಡಿತ್ತು ಅಷ್ಟೆ, ನನಗೆ ಗೊತ್ತಾಗಿದ್ದು ಬೆಳಗ್ಗೆ ಲಾಗ್ ನೋಡಿದಾಗ. ಗೋಧಿ ಮೂಟೆ ಪಕ್ಕದ ಸ್ವಿಚ್ ಬಿಚ್ಚಿ ತಂದೆ, ಒಳಗೆ ಹಿಟ್ಟು ಒಂದು ಇಂಚು ಇತ್ತು, ಫ್ಯಾನ್ ಯಾವಾಗ ನಿಂತಿತ್ತೋ, ಆದ್ರೂ ಓಡ್ತಾ ಇತ್ತು.

ಮುಗಿಸಿದ ಬಿಲ್ಡಿಂಗುಗಳಲ್ಲೂ ಹಳೇ 172.16 ಬಿಡದೇ ಇರೋ ಡಿವೈಸ್ ಇನ್ನೂ 43 ಇದಾವೆ. 42 ಎಲ್ಲಿವೆ ಅಂತ ಗೊತ್ತು, ಹೆಬ್ಬೆಟ್ಟು ಮಷೀನೇ ಜಾಸ್ತಿ. ಒಂದು ಮಾತ್ರ, 172.16.9.77, ಪಿಂಗಿಗೆ ಉತ್ತರ ಕೊಡುತ್ತೆ, ಅಡ್ಮಿನ್ ಬ್ಲಾಕ್ ಎರಡನೇ ಮಹಡಿ ಸ್ವಿಚ್ಚಿನ 17ನೇ ಪೋರ್ಟು, ಆ ಕೇಬಲ್ ಗೋಡೆ ಒಳಗೆ ಹೋಗುತ್ತೆ, ಆ ಕಡೆ ರೂಮೇ ಇಲ್ಲ.

ಲ್ಯಾಬ್_ಲಕ್ಷ್ಮಣ
ಮೇಲೆ ಫಾಲ್ಸ್ ಸೀಲಿಂಗ್ ಇದೆಯಾ?

ಪ್ಯಾಚ್‌ಕಾರ್ಡ್_ಪರಮೇಶಿ
ಇದೆ. ನಾಳೆ ಏಣಿ ತರ್ತೀನಿ.